ಕೊಲ್ಮಾರಿಗೆ ಹೋದ ಎಡಗೈ

ಫ್ರಾನ್ಸಿಗೆ ಹೋಗಿ ಬಂದೆವು ಎಂದ ಕೂಡಲೇ ನಮ್ಮ ಹನುಮಂತನಗರದಲ್ಲಿ ಎಲ್ಲರೂ ಕೇಳುವುದು ಐಫೆಲ್ ಟವರಿನ ಮುಂದೆ ನಿಂತ ಫೋಟೊ. ನಾವು ಪ್ಯಾರಿಸ್ಸಿನ ಕಡೆ ತಲೆ ಹಾಕಿಯೂ ಮಲಗಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. "ಅಷ್ಟು ದೂರ ಹೋಗಿ ಮತ್ತೇನ್ ನೋಡಿದ್ರಿ ಸಾರ್?" ಎಂದು ನನ್ನ ಎಲೆಕ್ಟ್ರಿಕಲ್ ಅಂಗಡಿಗೆ ಬಲ್ಬು ಕೊಳ್ಳಲು ಬಂದವರು ಕೇಳುತ್ತಾರೆ. ಒಂದು ಚಿತ್ರ ನೋಡಿದೆವು ಎನ್ನುತ್ತೇನೆ. ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡು ನಗುತ್ತಾರೆ. ನಿಜವಾಗಿಯೂ ನಾವು ನೋಡಿದ್ದು ಅದೊಂದನ್ನೇ. ನೋಡಿದ್ದು ನನ್ನ ಹೆಂಡತಿ ಗಿರಿಜ. ನಾನು ಚೀಲ ಹೊತ್ತುಕೊಂಡು ಜೊತೆಗಿದ್ದೆ.

ಜಯನಗರ

ಗಿರಿಜ ದೇವರ ಚಿತ್ರ ಬರೆಯುವವಳು. ಕ್ಯಾಲೆಂಡರುಗಳಿಗೆ, ದೇವಸ್ಥಾನದ ಗೋಡೆಗಳಿಗೆ, ಮನೆಯ ದೇವರಕೋಣೆಗಳಿಗೆ ಅವಳು ಬರೆದ ಶಿವ ಪಾರ್ವತಿಯರು ಬೆಂಗಳೂರಿನಲ್ಲಿ ಎಷ್ಟು ಮನೆಗಳಲ್ಲಿದ್ದಾರೋ ನಮಗೇ ಗೊತ್ತಿಲ್ಲ. ಶಿವನ ಕಣ್ಣಿನ ರೆಪ್ಪೆಯನ್ನು ಉಸಿರು ಬಿಗಿಹಿಡಿದು ಒಂದೇ ಎಳೆತಕ್ಕೆ ಎಳೆಯುತ್ತಿದ್ದಳು. ಆಗ ಮನೆಯಲ್ಲಿ ಮಿಕ್ಸಿ ಹಾಕುವಂತಿರಲಿಲ್ಲ.

ಅವಳು ಎಡಚಿ. ಚಿಕ್ಕಂದಿನಲ್ಲಿ ಎಡಗೈಯಲ್ಲಿ ಬರೆದದ್ದಕ್ಕೆ ಶಾಲೆಯಲ್ಲಿ ಏಟು ತಿಂದಾಗ ಅವಳಜ್ಜಿ, "ಲಿಂಗ ಕೂರೋದೇ ಎಡಗೈಲಿ. ಆ ಕೈ ಹೆಂಗೆ ಕೆಟ್ಟದಾಗತ್ತೆ?" ಎಂದು ಸಮಾಧಾನ ಮಾಡಿದ್ದರಂತೆ. ಚಿತ್ರದುರ್ಗದ ಕಡೆಯಿಂದ ಬಂದ ನಮ್ಮ ಎರಡೂ ಮನೆತನಗಳಲ್ಲಿ ಬೆಳಗ್ಗೆ ಸ್ನಾನವಾದ ಮೇಲೆ ವಿಭೂತಿ ಧರಿಸಿ, ಕೊರಳಲ್ಲಿ ಕಟ್ಟಿಕೊಂಡ ಲಿಂಗವನ್ನು ಎಡ ಅಂಗೈಯ ಮೇಲಿಟ್ಟು ಪೂಜೆ ಮಾಡಿಯೇ ಬಾಯಿಗೆ ಕಾಫಿ. ಆ ಪೂಜೆಯೂ ಚಿತ್ರವೂ ಅವಳಿಗೆ ಒಂದೇ ಕೈಯವು.

ಆ ಕೈಗೇ ರುಮಟಾಯ್ಡ್ ಎಂಬ ಕೀಲುವಾತ ಬಂತು. ಮೊದಲು ಬೆಳಗಿನ ಹೊತ್ತು ಬೆರಳು ಮರಗಟ್ಟುವುದು, ಆಮೇಲೆ ಊತ, ಆಮೇಲೆ ಉರಿ. ಮಾತ್ರೆಗಳು ಕಾಯಿಲೆಯನ್ನು ಹಿಡಿದು ನಿಲ್ಲಿಸುವಷ್ಟರಲ್ಲಿ ಬೆರಳುಗಳೆಲ್ಲ ಗಾಳಿಗೆ ಬಾಗಿದ ಪೈರಿನ ಹಾಗೆ ಕಿರುಬೆರಳಿನ ಕಡೆಗೆ ವಾಲಿದ್ದವು. ಬಲಗೈಯೂ ನೆಟ್ಟಗಿರಲಿಲ್ಲ, ಆದರೆ ಎಡಗೈಯಷ್ಟು ಕೆಟ್ಟಿರಲಿಲ್ಲ. ಕುಂಚ ಕೆಳಗಿಟ್ಟಳು. ಅದಾದ ಸ್ವಲ್ಪ ದಿನಕ್ಕೆ ಪೂಜೆಯನ್ನೂ ಬಿಟ್ಟಳು. ಲಿಂಗ ಕೊರಳಲ್ಲೇ ಇತ್ತು, ಕೈಗೆ ಬರಲಿಲ್ಲ. ನೋವಿಗೆ ಅಂಗೈ ಬಿಚ್ಚಲಾಗುತ್ತಿಲ್ಲ ಎಂದುಕೊಂಡು ನಾನು ಕೇಳಲಿಲ್ಲ. ಒಬ್ಬನೇ ಕೂತು ಪೂಜೆ ಮುಗಿಸಿ ಎದ್ದು ಬರುತ್ತಿದ್ದೆ.

ಜಯನಗರದ ಆಸ್ಪತ್ರೆಯೊಂದರ ಡಾಕ್ಟರಮ್ಮ ಎಕ್ಸ್‌ರೇಗಳನ್ನು ದೀಪದ ಮುಂದೆ ಹಿಡಿದು ನೋಡಿ, "ಈ ಎರಡು ಬೆರಳಿನ ಗಂಟು ಪೂರ್ತಿ ಸವೆದುಹೋಗಿದೆ. ಮೂಳೆ ಮೂಳೆ ಸೇರಿಸಿ ಬೆಸೆದುಬಿಡ್ತೀವಿ. ನೋವು ಹೋಗತ್ತೆ. ಆದ್ರೆ ಆಮೇಲೆ ಬೆರಳು ಬಗ್ಗಲ್ಲ, ನೆಟ್ಟಗೂ ಆಗಲ್ಲ. ಹೆಂಗೆ ನಿಲ್ಸಿರ್ತೀವೋ ಹಂಗೇ ಇರತ್ತೆ" ಎಂದರು. ಆಮೇಲೆ ಗಿರಿಜಳ ಕಡೆ ತಿರುಗಿ ಕೇಳಿದರು: "ಯಾವ ಕೋನಕ್ಕೆ ನಿಲ್ಸ್ಬೇಕು ಅಂತ ನೀವೇ ಯೋಚ್ನೆ ಮಾಡಿ ಹೇಳಿ ಮೇಡಂ. ಈ ಕೈಲಿ ನಿಮಗೆ ಆಗ್ಲೇಬೇಕಾದ ಕೆಲ್ಸ ಯಾವುದು?"

ಯೋಚಿಸಿ ಹೇಳುತ್ತೇನೆ ಎಂದು ಗಿರಿಜ ಎದ್ದಳು. ಆಟೋದಲ್ಲಿ ಸೌತ್ ಎಂಡ್ ಸರ್ಕಲ್ ದಾಟುವಾಗ ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು ಹೇಳಿದಳು. "ನೆಟ್ಟಗೆ ಬಿಚ್ಚಿಟ್ರೆ ಲಿಂಗ ಕೂರತ್ತೆ. ಬಗ್ಗಿಸಿಟ್ರೆ ಬ್ರಶ್ ನಿಲ್ಲತ್ತೆ. ಎರಡೂ ಆಗಲ್ಲ."

ಆ ವಾರ ಒಂದು ದಿನ ಊಟ ಬಡಿಸುತ್ತಾ, "ಕಲಾಶಾಲೇಲಿ ನಮ್ಮ ಮೇಷ್ಟ್ರು ಒಂದು ಚಿತ್ರದ ಸ್ಲೈಡ್ ತೋರ್ಸಿದ್ರು. ಶಿಲುಬೆ ಮೇಲಿನ ಕ್ರಿಸ್ತ. ಅವನ ಬೆರಳು ನೋಡಕ್ಕಾಗ್ದೆ ಆವತ್ತು ಕಣ್ಣು ಮುಚ್ಕೊಂಡಿದ್ದೆ. ಆ ಬೆರಳು ಈಗ ದಿನಾ ಕಣ್ಮುಂದೆ ಬರತ್ತೆ. ಆಪರೇಷನ್‌ಗೆ ಮೊದ್ಲು ಅದನ್ನ ನೋಡ್ಬೇಕು ರೀ" ಎಂದಳು. ಮದುವೆಯಾದಾಗಿನಿಂದ ಅವಳು ಏನನ್ನೂ ಬೇಕು ಎಂದು ಕೇಳಿದವಳಲ್ಲ. ಆಗಲಿ ಅಂದೆ. ಆ ಚಿತ್ರ ಎಲ್ಲಿದೆ ಎಂದು ಆಮೇಲೆ ಕೇಳಿದೆ.

ವೀಸಾ ಆಫೀಸಿನಲ್ಲೇ ಮೊದಲ ತೊಡಕು. ಬೆರಳಚ್ಚು ಕೊಡಲು ನಾಲ್ಕೂ ಬೆರಳನ್ನು ಗಾಜಿನ ಮೇಲೆ ಸಮನಾಗಿ ಒತ್ತಬೇಕು. "ಸ್ವಲ್ಪ ಪ್ರೆಸ್ ಮಾಡಿ ಆಂಟಿ" ಎಂದು ಅಲ್ಲಿನ ಹುಡುಗಿ ತನ್ನ ಕೈಯಿಂದಲೇ ಒತ್ತಿದಳು. ಗಿರಿಜಳ ಮುಖ ನೋಡಿ ತಟ್ಟನೆ ಕೈ ತೆಗೆದು, "ಸಾರಿ ಆಂಟಿ, ಗೊತ್ತಾಗ್ಲಿಲ್ಲ" ಎಂದು ಕಣ್ಣಲ್ಲಿ ನೀರು ತುಂಬಿಕೊಂಡಳು. ಕೊನೆಗೆ ಒಂದೊಂದೇ ಬೆರಳನ್ನು ಬೇರೆಬೇರೆಯಾಗಿ ತೆಗೆದುಕೊಂಡರು.

ದೋಹಾ

ವಿಮಾನ ಬದಲಾಯಿಸುವಲ್ಲಿ ಮತ್ತೆ ತಪಾಸಣೆ. ಗಿರಿಜ ಕಮಾನಿನೊಳಗೆ ಹೋದ ಕೂಡಲೇ ಯಂತ್ರ ಕೂಗಿತು. ಕೊರಳಲ್ಲಿದ್ದ ಲಿಂಗದ ಬೆಳ್ಳಿ ಕರಡಿಗೆಗೆ. ತೆಗೆದು ಟ್ರೇನಲ್ಲಿ ಹಾಕಿ ಎಂದರು. ಅವಳು ತಲೆಯಾಡಿಸಿದಳು. ಪೂಜೆ ಬಿಟ್ಟ ಹೆಂಗಸು ಅದನ್ನು ಪ್ಲಾಸ್ಟಿಕ್ ಟ್ರೇಗೆ ಹಾಕಲು ಒಪ್ಪಲಿಲ್ಲ. ಸಾಲು ನಿಂತುಬಿಟ್ಟಿತು. ನಾನು ನನ್ನ ಅರೆಬರೆ ಇಂಗ್ಲಿಷಿನಲ್ಲಿ ಏನೇನೋ ವಿವರಿಸುತ್ತಿದ್ದೆ.

ಆಫ್ರಿಕಾದ ಕಡೆಯವಳಿರಬೇಕು, ಎತ್ತರದ ಒಬ್ಬ ಕಾವಲು ಹೆಂಗಸು ಬಂದು ಗಿರಿಜಳನ್ನು ಪರದೆಯ ಹಿಂದಕ್ಕೆ ಕರೆದುಕೊಂಡು ಹೋದಳು. ಒಳಗೆ ನಡೆದದ್ದನ್ನು ಗಿರಿಜ ವಿಮಾನದಲ್ಲಿ ಕೂತ ಮೇಲೆ ಹೇಳಿದಳು. ಕರಡಿಗೆಯ ಮುಚ್ಚಳ ತೆಗೆಯಲು ಅವಳ ಬೆರಳಿಗೆ ಆಗಲಿಲ್ಲ. ಆ ಹೆಂಗಸು ಅನುಮತಿ ಕೇಳಿ, ಕೈಗವಸು ಬದಲಾಯಿಸಿ, ತಾನೇ ತೆಗೆದು ನೋಡಿದಳಂತೆ. ಒಳಗೇನು ಎಂದು ಕೇಳಿದಳು. ದೇವರು ಎಂದಳು ಗಿರಿಜ. ಆ ಹೆಂಗಸು ಮುಚ್ಚಳ ಹಾಕಿ, ದಾರ ಸರಿಮಾಡಿ, ನನಗಾಗಿಯೂ ಒಂದು ಪ್ರಾರ್ಥನೆ ಮಾಡಿ ಎಂದಳಂತೆ.

"ಏನಂದೆ ನೀನು?"

"ಏನಂತ ಹೇಳ್ಲಿ? ಹೂಂ ಅಂತ ತಲೆ ಅಲ್ಲಾಡಿಸ್ದೆ. ಸುಳ್ಳು ಹೇಳ್ದಂಗಾಯ್ತು."

ಕೊಲ್ಮಾರ್, ಬಾಗಿಲು ಹಾಕಿದ ದಿನ

ಫ್ರಾಂಕ್‌ಫರ್ಟಿನಲ್ಲಿ ಇಳಿದು, ಸ್ಟ್ರಾಸ್‌ಬರ್ಗಿನಲ್ಲಿ ರೈಲು ಬದಲಾಯಿಸಿ ಕೊಲ್ಮಾರ್ ತಲುಪಿದೆವು. ದಾರಿಯುದ್ದಕ್ಕೂ ಬೆಟ್ಟದ ಬುಡದಲ್ಲಿ ದ್ರಾಕ್ಷಿತೋಟಗಳು ಹಳದಿ ತಿರುಗಿದ್ದವು. ಊರು ಚಿಕ್ಕದು. ಮರದ ತೊಲೆಗಳ ನಡುವೆ ಗಾರೆ ತುಂಬಿದ, ಕೇಸರಿ ನೀಲಿ ಬಳಿದ ಹಳೆಯ ಮನೆಗಳು ಕಾಲುವೆಯ ಮೇಲೆ ಬಾಗಿಕೊಂಡಿವೆ. ನಮ್ಮಲ್ಲಾದರೆ ಇಷ್ಟೊತ್ತಿಗೆ ಕೆಡವಿ ನಾಲ್ಕು ಅಂತಸ್ತು ಎಬ್ಬಿಸಿರುತ್ತಿದ್ದರು. ಚಳಿಯೂ ಇತ್ತು. ಗಿರಿಜಳ ಕೈಗೆ ಚಳಿ ಎಂದರೆ ಶತ್ರು.

ನಾವು ಉಳಿದುಕೊಂಡದ್ದು ಎಲ್ಸಾ ಎಂಬ ವಯಸ್ಸಾದ ಹೆಂಗಸಿನ ಮನೆಯ ಮಹಡಿಯಲ್ಲಿ. ಬಾಗಿಲಲ್ಲೇ ಅವರು ಗಿರಿಜಳ ಕೈ ಹಿಡಿದು ಗಟ್ಟಿಯಾಗಿ ಕುಲುಕಿಬಿಟ್ಟರು. ಗಿರಿಜ "ಅಯ್ಯಮ್ಮಾ" ಎಂದು ಅಲ್ಲೇ ಮೆಟ್ಟಿಲ ಮೇಲೆ ಕೂತಳು. ಆ ದೇಶದಲ್ಲಿ ಎಲ್ಲರೂ ಎಲ್ಲರ ಕೈ ಕುಲುಕುತ್ತಾರೆ. ಅಂಗಡಿಯವನು, ಟ್ಯಾಕ್ಸಿಯವನು, ಆಗತಾನೆ ಪರಿಚಯವಾದವರು. ನಮ್ಮಲ್ಲಿ ದೂರದಿಂದ ಕೈ ಮುಗಿದರೆ ಮುಗಿಯಿತು ಎಂದು ನನಗೆ ಅನ್ನಿಸಿತು. ಆದರೆ ಗಿರಿಜಳಿಗೆ ಅದೂ ಕಷ್ಟವೇ. ಅವಳು ಕೈ ಮುಗಿದರೆ ಎರಡು ಅಂಗೈ ಸೇರುವುದಿಲ್ಲ, ನಡುವೆ ಒಂದು ಕಿತ್ತಳೆ ಹಣ್ಣು ಇಟ್ಟುಕೊಂಡ ಹಾಗಿರುತ್ತದೆ.

ಎಲ್ಸಾ ಗಾಬರಿಯಾಗಿ ಐದಾರು ಸಲ ಕ್ಷಮೆ ಕೇಳಿದರು. ಅವರ ಇಂಗ್ಲಿಷ್ ನನ್ನದಕ್ಕಿಂತ ಕಷ್ಟದ್ದು. ಅಂದಿನಿಂದ ಗಿರಿಜಳನ್ನು ಕಂಡಾಗಲೆಲ್ಲ ಅವಳ ಮೊಣಕೈಯನ್ನು ಮೆಲ್ಲಗೆ ಮುಟ್ಟುತ್ತಿದ್ದರು. ಅದೇ ಅವರ ನಮಸ್ಕಾರವಾಯಿತು.

ಚೀಲ ಇಟ್ಟವರೇ ಚಿತ್ರವಿರುವ ಮ್ಯೂಸಿಯಮ್ಮಿಗೆ ಓಡಿದೆವು. ಬಾಗಿಲು ಮುಚ್ಚಿತ್ತು. ಅಂದು ವಾರದ ರಜೆ. ಅಷ್ಟೊಂದು ಸಲ ಟಿಕೆಟ್ಟು, ರೈಲು, ರೂಮು ಎಂದು ಫೋನಿನಲ್ಲಿ ತಡಕಾಡಿದ ನಾನು ಇದೊಂದನ್ನು ನೋಡಿರಲಿಲ್ಲ. ಗಿರಿಜ ಬಾಗಿಲ ಮುಂದಿನ ಕಟ್ಟೆಯ ಮೇಲೆ ಕೂತು, "ಹೋಗ್ಲಿ ಬಿಡಿ. ಇಷ್ಟು ವರ್ಷ ಕಾದಿದಾನೆ, ನಾಳೆವರೆಗೂ ಕಾಯ್ತಾನೆ" ಎಂದಳು. ಸಿಟ್ಟಿನಿಂದ ಹೇಳಿದಳೋ ಸಮಾಧಾನಕ್ಕೋ ತಿಳಿಯಲಿಲ್ಲ.

ಹಳೆಯ ಮಠದೊಳಗೆ

ಮ್ಯೂಸಿಯಮ್ ಇರುವುದು ಒಂದು ಕಾಲದ ಸನ್ಯಾಸಿನಿಯರ ಮಠದಲ್ಲಿ. ಆ ಚಿತ್ರ ಮಾತ್ರ ಅಲ್ಲಿಯದಲ್ಲ. ಹತ್ತಿರದ ಹಳ್ಳಿಯೊಂದರ ಬೇರೊಂದು ಮಠದಿಂದ ತಂದದ್ದು ಎಂದು ಕಿವಿಗೆ ಹಾಕಿಕೊಟ್ಟ ಯಂತ್ರ ಹೇಳಿತು. ಆ ಮಠದವರು ಆಸ್ಪತ್ರೆ ನಡೆಸುತ್ತಿದ್ದರಂತೆ. ಆಗ ಈ ಸೀಮೆಯಲ್ಲಿ ಒಂದು ಕಾಯಿಲೆ ಇತ್ತು. ಕೈಕಾಲು ಬೆಂಕಿಯಲ್ಲಿಟ್ಟ ಹಾಗೆ ಉರಿದು, ಕಪ್ಪಾಗಿ, ಕೊಳೆತು ಬೀಳುತ್ತಿದ್ದವು. ಕಾರಣ ಬೂಷ್ಟು ಹಿಡಿದ ರೈ ಎಂಬ ಧಾನ್ಯದ ರೊಟ್ಟಿ. ರೈ ಎಂದರೆ ನಮ್ಮಲ್ಲಿ ರಾಗಿ ಇದ್ದ ಹಾಗೆ, ಬಡವರ ಹೊಟ್ಟೆಗೆ ಆಧಾರ. ತಿನ್ನುವ ಅನ್ನವೇ ಬೆರಳು ತಿಂದದ್ದು ಅವರಿಗೆ ಗೊತ್ತಿರಲಿಲ್ಲ. ಆಸ್ಪತ್ರೆಗೆ ಬಂದವರನ್ನು ಔಷಧಿಗೆ ಮೊದಲು ಈ ಚಿತ್ರದ ಮುಂದೆ ಕೂರಿಸುತ್ತಿದ್ದರಂತೆ.

ಚಿತ್ರ ಗೋಡೆಯಷ್ಟು ದೊಡ್ಡದು. ಹಿಂದೆಲ್ಲ ಕತ್ತಲು. ಶಿಲುಬೆಯ ಅಡ್ಡ ತೊಲೆ ಭಾರಕ್ಕೆ ಬಾಗಿದೆ. ನಾನು ಚರ್ಚುಗಳಲ್ಲಿ ನೋಡಿದ ಕ್ರಿಸ್ತರು ನಿದ್ದೆ ಹೋದವರಂತೆ ಇರುತ್ತಾರೆ. ಈತ ಸತ್ತಿದ್ದಾನೆ. ಮೈ ಹಸಿರು ತಿರುಗಿದೆ. ಉದ್ದಕ್ಕೂ ಹುಣ್ಣು, ಚುಚ್ಚಿ ಮುರಿದುಕೊಂಡ ಮುಳ್ಳು. ತುಟಿ ನೀಲಿ. ಪಾದ ಊದಿ ತಿರುಚಿದೆ. ಮೇಲೆ, ಮೊಳೆ ಹೊಡೆದ ಎರಡೂ ಕೈಗಳಲ್ಲಿ ಬೆರಳು ಒಂದೊಂದೂ ಒಂದೊಂದು ದಿಕ್ಕಿಗೆ ಸೆಟೆದು ನಿಂತಿವೆ.

ನಾನು ಮುಖ ತಿರುಗಿಸಿದೆ. ಗಿರಿಜ ತಿರುಗಿಸಲಿಲ್ಲ. ಅವಳು ತನ್ನ ಎಡಗೈಯನ್ನು ಸೆರಗಿನಿಂದ ಹೊರಗೆ ತೆಗೆದು, ಆ ಬೆರಳುಗಳನ್ನೂ ಇವನ್ನೂ ನೋಡುತ್ತಾ ನಿಂತಳು. ಕಾಲು ಸೋತಾಗ ಅಲ್ಲಿನ ಕಾವಲುಗಾರ ಮಡಚುವ ಸ್ಟೂಲೊಂದನ್ನು ತಂದು ಕೊಟ್ಟ. ಮಧ್ಯಾಹ್ನ ಊಟಕ್ಕೆ ಕರೆದೆ. ಬರಲಿಲ್ಲ. ಶಾಲೆಯ ಮಕ್ಕಳು ಬಂದು ಹೋದರು. ಜಪಾನಿನವರ ಗುಂಪು ಬಂದು ಹೋಯಿತು. ಅವಳು ಕೂತೇ ಇದ್ದಳು. ಒಮ್ಮೆ ಮಾತ್ರ ನನ್ನ ಕಡೆ ತಿರುಗಿ, "ಇದು ಕಲ್ಪನೇಲಿ ಬರೆದಿದ್ದಲ್ಲ ರೀ. ಆ ಆಸ್ಪತ್ರೇಲಿ ಯಾರದೋ ಕೈ ನೋಡ್ಕೊಂಡು ಬರ್ದಿದಾನೆ. ನಮ್ಮಂಥೋರ ಕೈ" ಎಂದಳು.

ಕಾಲುವೆಯ ದಂಡೆ

ಸಂಜೆ ಕಾಲುವೆಯ ಪಕ್ಕದ ಬೆಂಚಿನಲ್ಲಿ ಕೂತೆವು. ಒಂದು ಉದ್ದ ಬ್ರೆಡ್ಡು ಕೊಂಡಿದ್ದೆ. ಅಲ್ಲಿ ಎಲ್ಲರೂ ಅದನ್ನು ಕೈಯಲ್ಲೇ ಮುರಿದುಕೊಂಡು ತಿನ್ನುತ್ತಾರೆ. ಹೊರಗೆ ಹಂಚಿನಷ್ಟು ಗಟ್ಟಿ. ಮುರಿದು ಮುರಿದು ಅವಳ ಕೈಗೆ ಕೊಡುತ್ತಿದ್ದೆ. ಊರಿನಿಂದ ತಂದ ಚಟ್ನಿಪುಡಿ ಸೂಟ್‌ಕೇಸಿನಲ್ಲೇ ಒಡೆದು ನನ್ನ ಅಂಗಿಗಳೆಲ್ಲ ಬೆಳ್ಳುಳ್ಳಿ ನಾರುತ್ತಿದ್ದವು. ಉಳಿದದ್ದನ್ನು ಬ್ರೆಡ್ಡಿಗೆ ಉದುರಿಸಿಕೊಂಡೆವು.

"ನಾನು ಪೂಜೆ ಬಿಟ್ಟಿದ್ದು ನೋವಿಗಲ್ಲ" ಎಂದಳು ಗಿರಿಜ. "ಕೈ ಬರೀ ನೆಪ. ಕೋಪಕ್ಕೆ ಬಿಟ್ಟೆ."

ನಾನು ಬ್ರೆಡ್ಡು ಮುರಿಯುವುದನ್ನು ನಿಲ್ಲಿಸಿದೆ.

"ಇಷ್ಟು ವರ್ಷ ಅವನಿಗೆ ಕಣ್ಣು ಬರ್ದೆ, ಕೈ ಬರ್ದೆ. ಒಂದ್ ಬೆರಳೂ ಸೊಟ್ಟ ಬರ್ದಿಲ್ಲ. ನನ್ ಬೆರಳನ್ನ ಮಾತ್ರ ಹೀಗೆ ಮಾಡ್ದ. ಬೆಳಗ್ಗೆ ಎದ್ದು ಲಿಂಗ ನೋಡಿದ್ರೆ ಹೊಟ್ಟೆ ಉರಿಯೋದು. ನಿನಗೆ ಕೈಯಿಲ್ಲ, ಕಾಲಿಲ್ಲ, ಗಂಟಿಲ್ಲ, ನರ ಇಲ್ಲ. ನೋವು ಅಂದ್ರೆ ನಿನಗೇನ್ ಗೊತ್ತು ಅಂತ ಕೇಳಿ ಮುಚ್ಚಿಟ್ಬಿಟ್ಟೆ."

"ನನಗೊಂದು ಮಾತು ಹೇಳ್ಬಾರ್ದಿತ್ತಾ?"

"ನೀವು ಪಕ್ಕದಲ್ಲೇ ಕೂತು ಅಷ್ಟು ಶ್ರದ್ಧೆಯಿಂದ ಪೂಜೆ ಮಾಡ್ತಿದ್ರಿ. ಹೆಂಗ್ ಹೇಳ್ಲಿ?"

ಒಂದು ದೋಣಿ ಹೋಯಿತು. ಅದರಲ್ಲಿದ್ದವರು ನಮ್ಮತ್ತ ಕೈಬೀಸಿದರು. ನಾವೂ ಬೀಸಿದೆವು.

"ಈಗ?" ಎಂದು ಕೇಳಿದೆ. "ಅವರ ದೇವರು ನೋವು ತಿಂದ, ನಮ್ಮವನು ತಿನ್ನಲಿಲ್ಲ ಅಂತಾನಾ?"

"ಇವತ್ತು ಬೆಳಗ್ಗೆಯೆಲ್ಲ ಹಾಗೇ ಅನ್ಸ್ತಿತ್ತು. ಹೊಟ್ಟೆಕಿಚ್ಚೂ ಆಯ್ತು" ಎಂದಳು. "ಆದ್ರೆ ಆಮೇಲೆ ಬೇರೆ ಏನೋ ಬಂತು ಮನಸ್ಸಿಗೆ. ನಮ್ಮೋನಿಗೆ ಕೈ ಇಲ್ಲ. ಅದಕ್ಕೇ ಅಲ್ವಾ ನಮ್ಮ ಕೈಗೆ ಬಂದು ಕೂರೋದು? ನನ್ ಕೈ ಬಿಟ್ರೆ ಅವನಿಗೆ ಬೇರೆ ಕೈ ಎಲ್ಲಿದೆ? ಹಾಗಾದ್ರೆ ಇದು ಉರಿದಾಗ ಯಾರ ಕೈ ಉರೀತು?"

ಚಳಿ ಏರುತ್ತಿತ್ತು. ನನ್ನ ಮಫ್ಲರನ್ನು ಅವಳ ಎರಡೂ ಕೈಗೆ ಸುತ್ತಿ ಮನೆಗೆ ಕರೆದುಕೊಂಡು ಬಂದೆ.

ಎರಡನೆಯ ದಿನ

ಬೆಳಗ್ಗೆ ನಾನು ಸ್ನಾನ ಮಾಡಿ ಬರುವಷ್ಟರಲ್ಲಿ ಗಿರಿಜ ಕಿಟಕಿಯ ಕೆಳಗೆ ನೆಲದ ಮೇಲೆ ಟವಲ್ ಹಾಸಿಕೊಂಡು ಕೂತಿದ್ದಳು. ಹಣೆಗೆ ವಿಭೂತಿ ಇತ್ತು. "ಕರಡಿಗೆ ಬಿಚ್ಚಿಕೊಡಿ" ಎಂದಳು. ಬಿಚ್ಚಿ ಕೊಟ್ಟೆ. ಮಣಿಕಟ್ಟನ್ನು ಮಂಡಿಗೆ ಆನಿಸಿ ಎಡಗೈಯನ್ನು ಒಡ್ಡಿದಳು. ಅದು ಬಿಚ್ಚಿದ ಅಂಗೈ ಅಲ್ಲ. ಬೆರಳು ಒಳಕ್ಕೆ ಬಾಗಿ, ಮಧ್ಯೆ ಒಂದು ಗುಳಿ ಇತ್ತು. ನಾನು ಲಿಂಗವನ್ನು ಅಲ್ಲಿಟ್ಟೆ. ಉರುಳೀತೆಂದು ನನ್ನ ಕೈಯನ್ನು ಕೆಳಗೆ ಹಿಡಿದುಕೊಂಡೇ ಇದ್ದೆ. ಉರುಳಲಿಲ್ಲ. ಹಕ್ಕಿ ಗೂಡಿನೊಳಗೆ ಕೂತ ಹಾಗೆ ಕೂತಿತು. ಕೈ ನಡುಗುತ್ತಿತ್ತು, ಅದರ ಜೊತೆ ಲಿಂಗವೂ ನಡುಗುತ್ತಿತ್ತು. ಪತ್ರೆಯಿರಲಿಲ್ಲ. ಎಲ್ಸಾ ಮನೆಯ ಕಿಟಕಿಯ ಕುಂಡದಿಂದ ಒಂದು ಕೆಂಪು ಹೂವು ಕಿತ್ತು ಕೊಟ್ಟೆ. ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಪೂಜೆ ಮುಗಿದ ಮೇಲೆ, "ದೋಹಾದವಳಿಗೂ ಸೇರಿಸಿ ಬೇಡ್ಕೊಂಡೆ. ಹೆಸರು ಕೇಳೋದು ಮರ್ತಿದ್ದೆ" ಎಂದಳು.

ಕೆಳಗೆ ಎಲ್ಸಾ ಕಾಫಿಯನ್ನು ಹಿಡಿಯಿಲ್ಲದ ದೊಡ್ಡ ಬಟ್ಟಲಿನಲ್ಲಿ ಕೊಟ್ಟರು. ಅಲ್ಲಿ ಹಾಗೆಯೇ ಕುಡಿಯುವುದು, ಎರಡೂ ಕೈಯಲ್ಲಿ ಹಿಡಿದು. ನಮ್ಮ ಲೋಟಗಳನ್ನು ಬೆರಳ ತುದಿಯಲ್ಲಿ ಹಿಡಿಯಲಾಗದೆ ಗಿರಿಜ ಎಷ್ಟೋ ದಿನದಿಂದ ಆರಿದ ಕಾಫಿ ಕುಡಿಯುತ್ತಿದ್ದಳು. ಅಂದು ಬಿಸಿಬಿಸಿ ಕುಡಿದು ಇನ್ನೊಂದು ಬಟ್ಟಲು ಹಾಕಿಸಿಕೊಂಡಳು.

ಮ್ಯೂಸಿಯಮ್ಮಿನಲ್ಲಿ ಅಂದು ಚಿತ್ರದ ಹಿಂದಿನ ಹಲಗೆಗಳನ್ನು ನೋಡಿದೆವು. ಅವು ಬಾಗಿಲಿನಂತೆ ತೆರೆಯುವ ಹಲಗೆಗಳು, ಈಗ ಬಿಡಿಬಿಡಿಯಾಗಿ ನಿಲ್ಲಿಸಿದ್ದಾರೆ. ಒಂದರಲ್ಲಿ ಅದೇ ಕ್ರಿಸ್ತ ಸಮಾಧಿಯಿಂದ ಮೇಲೇಳುತ್ತಿದ್ದಾನೆ. ತಲೆಯ ಹಿಂದೆ ಸೂರ್ಯನಷ್ಟು ದೊಡ್ಡ ಬೆಳಕು. ಮೈ ಮೇಲೆ ಒಂದು ಹುಣ್ಣೂ ಇಲ್ಲ. ನನಗೆ ಉಸಿರು ಬಿಟ್ಟಂತಾಯಿತು. ಗಿರಿಜ ಮಾತ್ರ ಕೈಯನ್ನೇ ನೋಡುತ್ತಿದ್ದಳು. "ಎಲ್ಲ ವಾಸಿ ಮಾಡಿದಾನೆ, ಮೊಳೆಯ ಗಾಯ ಮಾತ್ರ ಹಾಗೇ ಬಿಟ್ಟಿದಾನೆ ನೋಡಿ. ಬೇಕಂತ್ಲೇ ಬಿಟ್ಟಿರೋದು."

ಹೊರಡುವಾಗ ಎಲ್ಸಾ ಇಬ್ಬರ ಮೊಣಕೈಯನ್ನೂ ಮುಟ್ಟಿದರು.

ಹನುಮಂತನಗರ

ಬಂದ ವಾರವೇ ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ಮತ್ತೆ ಅದೇ ಪ್ರಶ್ನೆ ಕೇಳಿದರು. ಗಿರಿಜ ಚೀಲದಿಂದ ಒಂದು ಕುಂಚ ತೆಗೆದು ತನ್ನ ಬೆರಳುಗಳ ನಡುವೆ ಸಿಕ್ಕಿಸಿಕೊಂಡು, "ಹೀಗೆ ನಿಲ್ಸಿ ಮೇಡಂ. ಇನ್ನೊಂದು ಕೆಲ್ಸಕ್ಕೆ ಹೆಂಗಿದ್ರೂ ನಡೆಯತ್ತೆ" ಎಂದಳು.

ಶಸ್ತ್ರಕ್ರಿಯೆಯಾಯಿತು. ತಂತಿಗಳು, ಪಟ್ಟಿ, ಆಮೇಲೆ ವ್ಯಾಯಾಮ. ಆ ಎರಡು ಬೆರಳುಗಳ ನೋವು ಹೋಯಿತು. ಉಳಿದವುಗಳದ್ದು ಹೋಗಲಿಲ್ಲ, ಹೋಗುವುದೂ ಇಲ್ಲ. ಮೊದಲಿನ ಎಳೆತ ಬರಲಿಲ್ಲ. ಈಗ ಅವಳು ಬೆರಳಿನಿಂದ ಬರೆಯುವುದಿಲ್ಲ, ಭುಜದಿಂದ ಬರೆಯುತ್ತಾಳೆ. ಗೆರೆ ದಪ್ಪ, ಅಲ್ಲಲ್ಲಿ ಅದುರುತ್ತದೆ. ಕ್ಯಾಲೆಂಡರಿನವರು ಬಂದು ನೋಡಿ, "ಆರೋಗ್ಯ ನೋಡ್ಕೊಳ್ಳಿ ಅಕ್ಕ" ಎಂದು ಹೇಳಿ ಹೋದರು.

ಅವಳು ಮೊದಲು ಬರೆದದ್ದು ವಿಷ ಕುಡಿದ ಶಿವನನ್ನು. ಹಿಂದೆಯೂ ಆ ಚಿತ್ರವನ್ನು ಎಷ್ಟೋ ಸಲ ಬರೆದಿದ್ದಳು. ಅವುಗಳಲ್ಲಿ ಶಿವ ಮಜ್ಜಿಗೆ ಕುಡಿದವನ ಹಾಗೆ ನಗುತ್ತಿದ್ದ, ಕೊರಳಲ್ಲಿ ಚಂದದ ನೀಲಿ ಇರುತ್ತಿತ್ತು. ಈ ಶಿವ ನಗುವುದಿಲ್ಲ. ಕೊರಳ ನರ ಉಬ್ಬಿದೆ. ಮೈ ಬೆವರಿದೆ. ಕಾಲ್ಬೆರಳು ಮುದುಡಿ ನೆಲವನ್ನು ಕಚ್ಚಿವೆ. ವಿಷವನ್ನು ಕೆಳಗಿಳಿಯಗೊಡದೆ ಗಂಟಲನ್ನು ಹಿಡಿದುಕೊಂಡ ಕೈಯ ಬೆರಳುಗಳು ಗಿರಿಜಳ ಬೆರಳುಗಳು. ನಿಜ ಹೇಳುತ್ತೇನೆ, ನನಗೆ ಹಿಡಿಸಲಿಲ್ಲ.

"ದೇವರನ್ನ ಹಿಂಗೆ ಬರೀಬಹುದೇನೇ?" ಎಂದು ಕೇಳಿದೆ.

"ಇಷ್ಟು ದಿನ ಇದನ್ನ ಬಿಟ್ಟು ಬರೀತಿದ್ದೆ" ಎಂದಳು.

ಬಣ್ಣ ಒಣಗಲೆಂದು ಚಿತ್ರವನ್ನು ವರಾಂಡದ ಗೋಡೆಗೆ ಒರಗಿಸಿದ್ದಳು. ನಮ್ಮ ಎದುರುಮನೆಯ ನಾಗರಾಜಪ್ಪನವರು ಸಿಟಿ ಬಸ್ಸಿನ ಕಂಡಕ್ಟರಾಗಿ ನಿವೃತ್ತರಾದವರು. ಎರಡೂ ಕಿಡ್ನಿ ಕೈಕೊಟ್ಟು ವಾರಕ್ಕೆ ಮೂರು ಸಲ ಡಯಾಲಿಸಿಸ್ಸಿಗೆ ಹೋಗುತ್ತಾರೆ. ಆಸ್ಪತ್ರೆಗೆ ಹೊರಟವರು ಮನೆಯ ಬೀಗದ ಕೈ ಕೊಡಲು ಬಂದು, ಚಿತ್ರ ಕಂಡು ನಿಂತುಬಿಟ್ಟರು. ಮೆಲ್ಲಗೆ ಅದರ ಮುಂದಿನ ಮೆಟ್ಟಿಲ ಮೇಲೆ ಕೂತರು. ಸೂಜಿ ಚುಚ್ಚಿ ಚುಚ್ಚಿ ಉಬ್ಬಿದ ಅವರ ತೋಳು ಮಂಡಿಯ ಮೇಲಿತ್ತು.

"ಇವನಿಗೂ ಇಷ್ಟು ಉರಿ ಆಗಿತ್ತೇನಮ್ಮಾ?" ಎಂದು ಕೇಳಿದರು.

"ಆಗಿರ್ಬೇಕಲ್ವಾ ಅಣ್ಣ. ವಿಷ ಕುಡಿದಿದ್ದು" ಎಂದಳು ಗಿರಿಜ.

ರಸ್ತೆಯಲ್ಲಿ ಆಟೋ ಬಂದು ನಿಂತಿತು. ಡ್ರೈವರ್ ಒಂದು ಸಲ ಹಾರ್ನ್ ಹೊಡೆದ. ಎರಡನೇ ಸಲ ಹೊಡೆದು, "ಲೇಟಾಗತ್ತೆ ಅಂಕಲ್" ಎಂದು ಕೂಗಿದ.

ನಾಗರಾಜಪ್ಪನವರು ತಿರುಗಿ ನೋಡದೆ ಕೈ ಎತ್ತಿದರು. "ಇರಪ್ಪ, ಒಂದ್ ಗಳಿಗೆ ಕೂತಿರ್ತೀನಿ."